ವೀಗನ್ ವಿಡಿಯೊಗಳ ಸ್ಕ್ರಿಪ್ಟ್ ತಿದ್ದುತ್ತಾ ಕಲಿತದ್ದು

ವೀಗನ್ ಬದುಕಿನ ಬಗ್ಗೆ ವಿಡಿಯೊ ಮಾಡುವವರಿಗೆ ಸ್ಕ್ರಿಪ್ಟ್ ತಿದ್ದಿಕೊಡುವುದು, ಅದರಲ್ಲಿರುವ ಅಂಕಿಸಂಖ್ಯೆ ಸರಿಯಿದೆಯಾ ಎಂದು ನೋಡುವುದು, ಎಡಿಟಿಂಗ್ ಆಗುವಾಗ ಜೊತೆಗೆ ಕೂರುವುದು ನನ್ನ ಕೆಲಸ. ಮಾಂಸ, ಮೊಟ್ಟೆ, ಹಾಲು, ಜೇನು, ಚರ್ಮ ಎಲ್ಲವನ್ನೂ ಬಿಟ್ಟವರು ಇವರು. ನಾನೂ ಬಿಟ್ಟವನೇ. ಈ ಕೆಲಸ ನನಗೆ ಕಲಿಸಿದ ದೊಡ್ಡ ಪಾಠ ಒಂದಿದೆ. ಪ್ರಾಣಿಗಳ ಪರವಾಗಿ ಆಡುವ ಮಾತು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಅದಕ್ಕೆ ಆರೋಗ್ಯದ ಊರುಗೋಲು ಕೊಟ್ಟರೆ, ಊರುಗೋಲು ಮುರಿದ ದಿನ ಮಾತೂ ಬೀಳುತ್ತದೆ.

ನನ್ನ ಕೈಗೆ ಬರುವ ಸ್ಕ್ರಿಪ್ಟ್‌ಗಳಲ್ಲಿ ಮೊದಲ ಸಾಲು ಹೆಚ್ಚಾಗಿ ಚೆನ್ನಾಗಿರುತ್ತದೆ. ಪ್ರಾಣಿಗೆ ನೋವಾಗುತ್ತದೆ, ನಾವು ಮನಸ್ಸು ಮಾಡಿದರೆ ಆ ನೋವು ತಪ್ಪಿಸಬಹುದು ಎಂದಿರುತ್ತದೆ. ಎರಡನೇ ಸಾಲಿಗೇ ಹೃದಯಾಘಾತ ಬರುತ್ತದೆ, ಮೂರನೇ ಸಾಲಿಗೆ ಕಾಡು ಉರಿಯುತ್ತದೆ. ಬರೆದವರಿಗೆ ಇವೆಲ್ಲ ಒಂದೇ ಮಾತು. ಆದರೆ ಮೊದಲನೆಯದು ಸರಿ ತಪ್ಪಿನ ಪ್ರಶ್ನೆ. ಉಳಿದೆರಡು ಅಳತೆಯ ಪ್ರಶ್ನೆ. ಅಳತೆಯ ಮಾತು ಆಡಿದ ಮೇಲೆ ಅಳತೆ ಕೊಡಲೇಬೇಕಲ್ವಾ?

ಒಂದು ಥಂಬ್‌ನೇಲ್ ವಿಷಯ, ಅಂದರೆ ವಿಡಿಯೊ ತೆರೆಯುವ ಮೊದಲು ಕಾಣುವ ಚಿತ್ರದ ವಿಷಯ ಹೇಳುತ್ತೇನೆ. ಎಡಗಡೆ ಸಿಗರೇಟು, ಬಲಗಡೆ ಸಾಸೇಜ್, ನಡುವೆ ದೊಡ್ಡದಾಗಿ ಸಮಚಿಹ್ನೆ. ವಿಡಿಯೊ ಮಾಡಿದವರ ಬಳಿ ಆಧಾರವೂ ಇತ್ತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಾಸೇಜ್‌ನಂಥ ಸಂಸ್ಕರಿಸಿದ ಮಾಂಸವನ್ನು, ಕ್ಯಾನ್ಸರ್ ತರುತ್ತದೆ ಎಂದು ಖಚಿತವಾದ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕು ಇರುವುದೂ ಅದೇ ಗುಂಪಿನಲ್ಲಿ. ಆದರೆ ಆ ಗುಂಪು ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂದು, ಅಪಾಯ ಎಷ್ಟು ದೊಡ್ಡದು ಎಂದಲ್ಲ. ದಿನಾ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಬರುವ ಸಾಧ್ಯತೆ ಶೇ 18ರಷ್ಟು ಹೆಚ್ಚುತ್ತದೆ ಎನ್ನುವುದು ಅವರ ಲೆಕ್ಕ. ಅದೇ ಸಂಸ್ಥೆ ಆಗ ಮುಂದಿಟ್ಟ ಅಂದಾಜು ನೋಡಿ: ಸಂಸ್ಕರಿಸಿದ ಮಾಂಸ ಜಾಸ್ತಿ ತಿನ್ನುವುದರಿಂದ ಆಗುವ ಕ್ಯಾನ್ಸರ್ ಸಾವು ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 34 ಸಾವಿರ. ತಂಬಾಕಿನಿಂದ ಆಗುವ ಕ್ಯಾನ್ಸರ್ ಸಾವು ಸುಮಾರು 10 ಲಕ್ಷ. ನಡುವೆ ಸಮಚಿಹ್ನೆ ಹಾಕುವುದು ಹೇಗೆ?

"ಥಂಬ್‌ನೇಲ್ ಸಪ್ಪೆ ಇದ್ರೆ ಯಾರೂ ಒಳಗೇ ಬರಲ್ಲ" ಎಂದರು ಅವರು. "ಬಂದವರಲ್ಲಿ ಒಬ್ಬ ವೈದ್ಯರಿದ್ರೆ, ಮೇಡಂ?" ಎಂದೆ. ಆ ವೈದ್ಯರು ಸಿಗರೇಟಿನ ಮಾತು ಸುಳ್ಳು ಎಂದು ತೋರಿಸಿದರೆ, ಹಂದಿಯನ್ನು ಕೂಡಿಹಾಕುವ ಪಂಜರದ ಬಗ್ಗೆ ಅದೇ ವಿಡಿಯೊ ಹೇಳಿದ ನಿಜವನ್ನೂ ನೋಡುಗರು ಅನುಮಾನಿಸುತ್ತಾರೆ. ನನಗೆ ಸಂಕಟವಾಗುವುದು ಇಲ್ಲೇ. ಪಂಜರದ ಮಾತಿಗೆ ಸಿಗರೇಟು ಬೇಕೇ ಇರಲಿಲ್ಲ. ಥಂಬ್‌ನೇಲ್ ಬದಲಾಯಿತು.

ಪರಿಸರದ ಅಂಕಿಗಳಲ್ಲೂ ಹೀಗೇ. ಹಸಿರುಮನೆ ಅನಿಲಗಳಲ್ಲಿ ಶೇ 51 ಪಶುಸಾಕಣೆಯದ್ದು ಎಂಬ ಸಂಖ್ಯೆ ಈಗಲೂ ಸ್ಕ್ರಿಪ್ಟ್‌ಗಳಲ್ಲಿ ಬರುತ್ತದೆ. ಅದು 2009ರ ಒಂದು ಲೇಖನದ್ದು. ವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಕೊಟ್ಟ ಅಂದಾಜು ಶೇ 14.5. ನಾನು ಎರಡನ್ನೂ ಪಕ್ಕಕ್ಕಿಟ್ಟು ಜಮೀನಿನ ಲೆಕ್ಕ ಹಾಕಿ ಎನ್ನುತ್ತೇನೆ. ಪೂರ್ ಮತ್ತು ನೆಮೆಚೆಕ್ ಎಂಬ ಇಬ್ಬರು ಸಂಶೋಧಕರು 2018ರಲ್ಲಿ 119 ದೇಶಗಳ ಸುಮಾರು 38,700 ಹೊಲಗಳ ಮಾಹಿತಿ ಒಟ್ಟುಮಾಡಿದರು. ಮಾಂಸ, ಹಾಲು, ಮೊಟ್ಟೆ, ಸಾಕಿದ ಮೀನು ಇವೆಲ್ಲಕ್ಕೆ ಜಗತ್ತಿನ ಕೃಷಿಭೂಮಿಯ ಶೇ 83 ಹೋಗುತ್ತದೆ, ಅವುಗಳಿಂದ ಸಿಗುವ ಕ್ಯಾಲೊರಿ ಬರೀ ಶೇ 18 ಎಂದು ಅವರ ಅಧ್ಯಯನ ಹೇಳುತ್ತದೆ. ಉಬ್ಬಿಸುವ ಅಗತ್ಯವೇ ಇಲ್ಲದ ಅಂಕಿ ಇದು.

ಇನ್ನು ಫೂಟೇಜ್. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಕಷ್ಟದ ಭಾಗ. ಮೊಟ್ಟೆಗಾಗಿ ಬೆಳೆಸಿದ ಕೋಳಿತಳಿಯ ಗಂಡುಮರಿಗಳನ್ನು ಹೆಚ್ಚಿನ ಕಡೆ ಸಾಕುವುದಿಲ್ಲ. ಅವು ಮೊಟ್ಟೆ ಇಡುವುದಿಲ್ಲ, ಮಾಂಸಕ್ಕೆ ಬೇಕಾದಷ್ಟು ಬೇಗ ಬೆಳೆಯುವುದೂ ಇಲ್ಲ. ಹುಟ್ಟಿದ ದಿನವೇ ಯಂತ್ರಕ್ಕೆ ಹಾಕಿ ಅರೆಯುತ್ತಾರೆ, ಇಲ್ಲವೇ ಅನಿಲದಿಂದ ಕೊಲ್ಲುತ್ತಾರೆ. ಅಂಥ ಒಂದು ಕ್ಲಿಪ್ ಟೈಮ್‌ಲೈನ್‌ನಲ್ಲಿತ್ತು. ಬೆಲ್ಟಿನ ಮೇಲೆ ಹಳದಿ ಮರಿಗಳು ಒಂದರ ಮೇಲೊಂದು ಬೀಳುತ್ತಾ ಬರುತ್ತವೆ, ಒಂದು ಮರಿ ಬೆಲ್ಟು ಸಾಗುವ ದಿಕ್ಕಿಗೆ ಎದುರಾಗಿ ನಡೆಯುತ್ತದೆ. ಎಡಿಟರ್ ಅದರ ಮೇಲೆ ಪಿಟೀಲು ಹಾಕಿದ್ದರು. ಸಂಗೀತ ತೆಗೆದು ಮೂಲ ಸದ್ದನ್ನೇ ಬಿಡಿ ಎಂದು ಕೇಳಿಕೊಂಡೆ. ಚಿಂವ್ ಚಿಂವ್ ಎನ್ನುವ ಸದ್ದು, ಕೆಳಗೆ ಮೋಟಾರಿನ ಸದ್ದು, ಅಷ್ಟೇ. ಕೋಣೆಯಲ್ಲಿದ್ದವರು ಯಾರೂ ಮಾತಾಡಲಿಲ್ಲ. ಹೀಗೆ ಅಳಬೇಕು ಎಂದು ಪಿಟೀಲು ನೋಡುಗರಿಗೆ ಹೇಳಿಕೊಡುತ್ತದೆ, ಅದು ಬೇಡ ಎನ್ನುವುದು ನನ್ನ ಹಟ.

ಕ್ಲಿಪ್‌ನ ಮೂಲೆಯಲ್ಲಿ ಯಾವ ದೇಶ, ಯಾವ ವರ್ಷ ಎಂದು ಬರೆಯಬೇಕು. ಗೊತ್ತಿಲ್ಲದಿದ್ದರೆ ಆ ಕ್ಲಿಪ್ಪೇ ಬೇಡ. ಯಾಕೆಂದರೆ ನಿಯಮಗಳು ಬದಲಾಗುತ್ತವೆ. ಜರ್ಮನಿಯಲ್ಲಿ ವರ್ಷಕ್ಕೆ ಸುಮಾರು ನಾಲ್ಕೂವರೆ ಕೋಟಿ ಗಂಡುಮರಿಗಳನ್ನು ಹೀಗೆ ಕೊಲ್ಲುತ್ತಿದ್ದರು. 2022ರ ಜನವರಿಯಿಂದ ಅದಕ್ಕೆ ಅಲ್ಲಿ ನಿಷೇಧವಿದೆ. ಈಗ ಮೊಟ್ಟೆಯೊಳಗೇ ಗಂಡೋ ಹೆಣ್ಣೋ ಪತ್ತೆಮಾಡುವ ಯಂತ್ರ ಬಳಸುತ್ತಾರೆ. ಹಳೆಯ ಜರ್ಮನ್ ಕ್ಲಿಪ್ಪನ್ನು ಇವತ್ತಿನದು ಎಂಬಂತೆ ತೋರಿಸಿದರೆ ಅದು ಸುಳ್ಳೇ. ಆದರೆ ಆ ಯಂತ್ರ ಬಂದರೆ ಪ್ರಶ್ನೆ ಮುಗಿಯಿತಾ? ಹೆಣ್ಣುಕೋಳಿಯನ್ನೂ ಮೊಟ್ಟೆ ಕಡಿಮೆಯಾದ ಕೂಡಲೇ ಕೊಲ್ಲುತ್ತಾರೆ. ಒಳ್ಳೆಯ ವಿಡಿಯೊ ಮಾಡುವವರು ಚರ್ಚೆಯನ್ನು ಅಲ್ಲಿಗೆ ಒಯ್ಯುತ್ತಾರೆ. ಆ ಚರ್ಚೆ ನಡೆಯುವ ಹತ್ತು ನಿಮಿಷಕ್ಕಾಗಿಯೇ ನನಗೆ ಈ ಕೆಲಸ ಇಷ್ಟ.

ಬಿ12 ವಿಷಯದಲ್ಲಿ ನಾನು ಜಗ್ಗುವುದಿಲ್ಲ. ಈ ವಿಟಮಿನ್ ತಯಾರಿಸುವುದು ಬ್ಯಾಕ್ಟೀರಿಯಾ. ಸಸ್ಯಗಳಲ್ಲಿ ಇದು ನಂಬುವಷ್ಟು ಸಿಗುವುದಿಲ್ಲ. ಸ್ಪಿರುಲಿನಾ ಎಂಬ ಪಾಚಿಯಲ್ಲಿ ಇರುವುದು ಬಹುಪಾಲು ನಮ್ಮ ದೇಹಕ್ಕೆ ಉಪಯೋಗವಿಲ್ಲದ ರೂಪ. ಯಕೃತ್ತಿನಲ್ಲಿ ಕೂಡಿಟ್ಟ ಬಿ12 ವರ್ಷಗಟ್ಟಲೆ ಬರುತ್ತದೆ. ಹಾಗಾಗಿ "ಒಂದು ವರ್ಷದಿಂದ ಮಾತ್ರೆ ಇಲ್ಲದೆ ಚೆನ್ನಾಗಿದ್ದೀನಿ" ಎನ್ನುವ ಮಾತು ಏನನ್ನೂ ಸಾಬೀತು ಮಾಡುವುದಿಲ್ಲ. ಕೊರತೆ ಕಾಣುವ ಹೊತ್ತಿಗೆ ನರಗಳಿಗೆ ಪೆಟ್ಟು ಬಿದ್ದಿರಬಹುದು. ಆ ಸಾಲು ಇರುವ ಸ್ಕ್ರಿಪ್ಟ್ ನನ್ನ ಕೈಯಿಂದ ಹಾಗೇ ದಾಟುವುದಿಲ್ಲ. ಪ್ರಾಣಿಗಳ ಬಗ್ಗೆ ಕಾಳಜಿ ಇರುವವರಿಗೆ, ತಮ್ಮ ಮಾತು ನಂಬಿ ಊಟ ಬದಲಿಸಿದವರ ಬಗ್ಗೆಯೂ ಕಾಳಜಿ ಇರಬೇಕು. ಮಾತ್ರೆ ಕಂಪನಿಯೇ ಸ್ಪಾನ್ಸರ್ ಆಗಿದ್ದರೆ ಅದನ್ನು ಬಾಯಿಬಿಟ್ಟು ಹೇಳಬೇಕು. ಕೆಳಗೆ ಸಣ್ಣಕ್ಷರದಲ್ಲಿ ಹಾಕಿದರೆ ಸಾಲದು.

2019ರಲ್ಲಿ, ಹಸಿ ಸಸ್ಯಾಹಾರವನ್ನೇ ಸಾರುತ್ತಿದ್ದ ಒಬ್ಬ ಯೂಟ್ಯೂಬರ್ ಮುಂದೆ ಮೀನು ಇದ್ದದ್ದು ಇನ್ನೊಬ್ಬರ ವಿಡಿಯೊದಲ್ಲಿ ಕಂಡು ದೊಡ್ಡ ಗಲಾಟೆಯಾಯಿತು. ಆರೋಗ್ಯ ಕೆಟ್ಟು ಆಹಾರ ಬದಲಿಸಿದೆ ಎಂದು ಅವರು ಹೇಳಿಕೊಂಡರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಹೊಳೆಯುವ ಚರ್ಮ, ತೆಳ್ಳಗಿನ ಮೈ ತೋರಿಸಿ ಒಂದು ವಿಚಾರವನ್ನು ಮಾರಿದರೆ ಹೀಗಾಗುತ್ತದೆ. ಮೈ ಕೈಕೊಟ್ಟರೆ ವಿಚಾರವೂ ಸೋತಂತೆ ಕಾಣುತ್ತದೆ. ಪ್ರಾಣಿಯ ನೋವು ಮಾತ್ರ ಒಂದಿಷ್ಟೂ ಬದಲಾಗಿರುವುದಿಲ್ಲ.

ವೀಗನ್ ಸೊಸೈಟಿ ಶುರುವಾದದ್ದು 1944ರಲ್ಲಿ, ಬ್ರಿಟನ್‌ನಲ್ಲಿ. ಪ್ರಾಣಿಗಳ ಶೋಷಣೆ ಮತ್ತು ಹಿಂಸೆಯಿಂದ "ಸಾಧ್ಯವಾದಷ್ಟು, ಕೈಲಾಗುವಷ್ಟು" ದೂರವಿರುವ ಬದುಕು ಎಂದು ಅವರ ಈಗಿನ ವ್ಯಾಖ್ಯೆ ಹೇಳುತ್ತದೆ. ಸ್ಕ್ರಿಪ್ಟ್ ತೀರಾ ಗಡುಸಾದಾಗ ಆ ಸಾಲನ್ನು ಬದಿಯಲ್ಲಿ ಬರೆದು ಕಳಿಸುತ್ತೇನೆ. ಪ್ರಾಣಿಗಳ ಮೇಲೆ ಪರೀಕ್ಷಿಸಿದ ಔಷಧಿ ನುಂಗುವ ರೋಗಿಯನ್ನು ಬೈಯುವ ವಿಡಿಯೊಗಳನ್ನು ನೋಡಿದ್ದೇನೆ. ಅದರಿಂದ ಒಂದು ಪ್ರಾಣಿಯೂ ಉಳಿಯುವುದಿಲ್ಲ, ಸುಮ್ನೆ ಒಬ್ಬ ಮನುಷ್ಯ ದೂರ ಹೋಗುತ್ತಾನೆ.

ಈಗ ಕೈಯಲ್ಲಿರುವ ಸ್ಕ್ರಿಪ್ಟ್ ಆಯ್ಸ್ಟರ್‌ನಂಥ ಚಿಪ್ಪುಜೀವಿಗಳ ಬಗ್ಗೆ. ಅವುಗಳಿಗೆ ಮಿದುಳಿಲ್ಲ, ನರಗಳ ಗಂಟುಗಳಿವೆ ಅಷ್ಟೇ. ನೋವು ಗೊತ್ತಾಗುತ್ತದಾ? ವಿಡಿಯೊ ಮಾಡುವ ಇಬ್ಬರಿಗೇ ಒಮ್ಮತವಿಲ್ಲ. ನೋವಿಲ್ಲದ ಕಡೆ ತಪ್ಪೂ ಇಲ್ಲ ಎನ್ನುತ್ತಾರೆ ಒಬ್ಬರು. ಅನುಮಾನವಿದ್ದರೆ ಬಿಟ್ಟುಬಿಡೋಣ ಎನ್ನುತ್ತಾರೆ ಇನ್ನೊಬ್ಬರು. ಪ್ರಾಣಿಗಳ ಪರವಾಗಿ ದಶಕಗಳಿಂದ ಬರೆಯುತ್ತಿರುವ ತತ್ವಜ್ಞಾನಿ ಪೀಟರ್ ಸಿಂಗರ್ ಅವರೇ ಈ ವಿಷಯದಲ್ಲಿ ನಿಲುವು ಬದಲಿಸಿದ್ದುಂಟು. ಒಂದೇ ತೀರ್ಮಾನಕ್ಕೆ ಬಂದು ಮುಗಿಸೋಣ ಎಂಬ ಒತ್ತಾಯವಿತ್ತು. ಇಬ್ಬರೂ ತಮ್ಮ ತಮ್ಮ ವಾದವನ್ನು ಪೂರ್ತಿ ಹೇಳಲಿ, ನಡುವೆ ಕತ್ತರಿ ಹಾಕುವುದು ಬೇಡ ಎಂದು ಬರೆದು ವಾಪಸ್ ಕಳಿಸಿದ್ದೇನೆ. ರೆಕಾರ್ಡಿಂಗ್ ಮುಂದಿನ ವಾರ.