ಬಲಗೈ ಇಲ್ಲದ ಸಿಪಾಯಿ

ಚಿತ್ರಕಲಾ ಶಾಲೆಯ ಎರಡನೇ ವರ್ಷದಲ್ಲಿ ನಮ್ಮ ಮೇಷ್ಟ್ರು ಒಬ್ಬೊಬ್ಬರಿಗೆ ಒಂದೊಂದು ಆತ್ಮಚಿತ್ರ ಹಂಚಿದರು. ನೋಡಿ ಹಾಗೇ ಬರೆಯಬೇಕು, ಆಯಿಲ್‌ನಲ್ಲಿ, ಅಳತೆಯೂ ಮೂಲದ್ದೇ. ನನ್ನ ಪಾಲಿಗೆ ಬಂದದ್ದು ಜರ್ಮನ್ ಚಿತ್ರಕಾರ ಎರ್ನ್‌ಸ್ಟ್ ಲುಡ್ವಿಗ್ ಕಿರ್ಶ್ನರ್ 1915ರಲ್ಲಿ ತನ್ನನ್ನೇ ಸಿಪಾಯಿಯಾಗಿ ಬರೆದುಕೊಂಡ ಚಿತ್ರ. 69 ಸೆಂಟಿಮೀಟರ್ ಎತ್ತರ, 61 ಅಗಲ. ಅಲ್ಲಿಯವರೆಗೆ ನನಗೆ ಗೊತ್ತಿದ್ದದ್ದು ಬರೀ ವಾಟರ್‌ಕಲರ್.

ನೀಲಿ ಸಮವಸ್ತ್ರ, ಭುಜದ ಪಟ್ಟಿಯಲ್ಲಿ 75 ಅನ್ನುವ ರೆಜಿಮೆಂಟ್ ಸಂಖ್ಯೆ, ಬಾಯಲ್ಲಿ ಸಿಗರೇಟು, ಹಿಂದೆ ಬೆತ್ತಲೆ ಮಾಡೆಲ್. ಕಣ್ಣಲ್ಲಿ ಪಾಪೆ ಇಲ್ಲ. ಬಲಗೈ ಮಣಿಕಟ್ಟಿನ ಹತ್ತಿರ ತುಂಡಾಗಿದೆ. ನಿಜದಲ್ಲಿ ಅವನ ಕೈಗೆ ಏನೂ ಆಗಿರಲಿಲ್ಲ. ತಾನಾಗಿಯೇ ಸೈನ್ಯ ಸೇರಿದ, ಫಿರಂಗಿ ದಳದ ತರಬೇತಿಯಲ್ಲೇ ಮನಸ್ಸು ಕುಸಿದುಬಿತ್ತು, ವಾಪಸ್ ಕಳಿಸಿದರು. ಮೊದಲ ಮಹಾಯುದ್ಧ ಇನ್ನೂ ನಡೀತಾ ಇತ್ತು, ಮತ್ತೆ ಕರೆದರೆ ಅನ್ನುವ ಭಯ ಇತ್ತು, ಆಗ ಬರೆದದ್ದು ಇದು.

ಚೌಕ ಹಾಕಿ ಅಳತೆ ತೆಗೆದೆ. ಅಂಬರ್ ಅನ್ನುವ ಕಂದು ಬಣ್ಣವನ್ನು ಟರ್ಪೆಂಟೈನ್‌ನಲ್ಲಿ ತೆಳು ಮಾಡಿ ಗೆರೆ ಎಳೆದೆ. ಅಲ್ಲಿಗೆ ಎಲ್ಲ ಸರಿಯಿತ್ತು. ಆಮೇಲೆ ಮುಖ. ಬಿಳಿ, ಓಕರ್ ಅನ್ನುವ ಮಣ್ಣಿನ ಹಳದಿ, ಸ್ವಲ್ಪ ಕೆಂಪು ಬೆರೆಸಿ, ನುಣುಪಾಗಿ ತೀಡಿ, ಮೂರು ದಿನ ಕೂತು ಬರೆದೆ. ಮೇಷ್ಟ್ರು ತುಂಬ ಹೊತ್ತು ನೋಡಿದರು. "ಚೆನ್ನಾಗಿದೆಯಮ್ಮ. ಆದರೆ ಇವನಿಗೆ ಕಾಯಿಲೆ ವಾಸಿಯಾಗಿಬಿಟ್ಟಿದೆಯಲ್ಲ" ಅಂದರು. ಬಣ್ಣ ಕೆರೆಯುವ ಪ್ಯಾಲೆಟ್ ನೈಫ್ ಕೈಗೆ ಕೊಟ್ಟರು.

ಅಳು ಬಂತು. ಕೆರೆದೆ.

ಅವನ ಮುಖ ಚರ್ಮದ ಬಣ್ಣದ್ದಲ್ಲ, ಹಳದಿ. ನೆರಳಿಗೆ ಕಂದು ಹಾಕಿದರೆ ಸತ್ತುಹೋಗುತ್ತಿತ್ತು. ಹಳದಿಗೆ ಒಂದು ಚೂರು ಕಪ್ಪು ಬೆರೆಸಿ ನೋಡಿ ಅಂದರು ಮೇಷ್ಟ್ರು. ಬೆರೆಸಿದೆ, ಹಸಿರಾಯಿತು! ಜ್ವರ ಬಂದವನ ಹಸಿರು. ನೀಲಿ ಕೋಟಿನ ಪಕ್ಕ ಅದನ್ನು ಇಟ್ಟ ಕೂಡಲೇ ಮುಖ ನನ್ನ ಕಡೆ ತಿರುಗಿದ ಹಾಗಾಯಿತು. ಆ ಕ್ಷಣವನ್ನು ಇವತ್ತಿಗೂ ಮರೆತಿಲ್ಲ.

ಇನ್ನೊಂದು ಕಷ್ಟ ಅಂದರೆ ಕೆಸರು. ಹಸಿ ನೀಲಿಯ ಮೇಲೆ ಹಳದಿ ಎಳೆದು, ಸಮಾಧಾನ ಆಗದೆ ಮತ್ತೆ ಮತ್ತೆ ತೀಡಿದರೆ ಎರಡೂ ಕಲೆತು ಕೊಳಕಾಗುತ್ತವೆ, ವಾಟರ್‌ಕಲರ್ ಕೈಗೆ ಈ ತೀಡುವ ಚಟ ಜಾಸ್ತಿ. ಒಂದು ಸಲ ಎಳೆ, ಬ್ರಷ್ ಬಟ್ಟೆಯಲ್ಲಿ ಒರೆಸು, ಸುಮ್ನೆ ಬಿಡು. ಆಯಿಲ್ ಬಣ್ಣ ನೀರಿನ ಹಾಗೆ ಆವಿಯಾಗಿ ಒಣಗುವುದಿಲ್ಲ, ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ, ಅದಕ್ಕೆ ದಿನಗಟ್ಟಲೆ ಬೇಕು. ಕೆಳಗಿನ ಪದರ ತೆಳು, ಮೇಲಿನದ್ದರಲ್ಲಿ ಎಣ್ಣೆ ಜಾಸ್ತಿ. ಉಲ್ಟಾ ಆದರೆ ಬಿರುಕು ಬಿಡುತ್ತದೆ.

ಡ್ರೆಸ್ಡನ್‌ನಲ್ಲಿ 1905ರಲ್ಲಿ ಕಿರ್ಶ್ನರ್ ಮತ್ತು ಗೆಳೆಯರು 'ಸೇತುವೆ' ಅನ್ನುವ ಗುಂಪು ಕಟ್ಟಿದಾಗ ನಾಲ್ವರೂ ಓದುತ್ತಿದ್ದದ್ದು ಚಿತ್ರಕಲೆ ಅಲ್ಲ, ವಾಸ್ತುಶಿಲ್ಪ ಅಂತ ಮೇಷ್ಟ್ರು ಹೇಳಿದ್ದರು. ಆ ಮಾತು ನನಗೆ ತುಂಬ ಧೈರ್ಯ ಕೊಟ್ಟಿತ್ತು.

ತುಂಡಾದ ಕೈಯನ್ನು ಕೊನೆಗೆ ಉಳಿಸಿಕೊಂಡಿದ್ದೆ. ನಾಲ್ಕು ಸಲ ಕೆರೆದೆ. ನಾನು ನೋಡಿ ಬರೆಯುತ್ತಿದ್ದ ಪ್ರಿಂಟ್‌ನಲ್ಲಿ ಮಣಿಕಟ್ಟಿನ ಮೂಳೆ ಎಲ್ಲಿದೆ ಅಂತಲೇ ತಿಳಿಯುತ್ತಿರಲಿಲ್ಲ. ನನ್ನ ಬಲಗೈ ನೋಡಿಕೊಂಡೇ ಬರೆಯೋಣ ಅಂದರೆ ಬ್ರಷ್ ಹಿಡಿದಿದ್ದದ್ದೇ ಅದು. ಬ್ರಷ್ ಕೆಳಗಿಟ್ಟೆ. ಕೈಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದೆ, ಬೆರಳು ಮಡಚಿ ನೋಡಿದೆ. ಆಮೇಲೆ ಕೆಂಪು ಹಚ್ಚಿದೆ. ತೀಡಲಿಲ್ಲ.

ಪ್ರದರ್ಶನದ ಹೊತ್ತಿಗೆ ಮುಖ, ಕೋಟು ಎಲ್ಲ ಒಣಗಿತ್ತು, ಆ ಕೆಂಪು ಮಾತ್ರ ಇನ್ನೂ ಹಸಿ. ಯಾರಾದರೂ ಮುಟ್ಟಿಬಿಟ್ಟಾರು ಅಂತ ಸಂಜೆಯವರೆಗೂ ಅದರ ಪಕ್ಕದಲ್ಲೇ ನಿಂತಿದ್ದೆ.