ನಾಲ್ಕನೇ ಮನೆಯ ವಕೀಲ

ತುಮಕೂರಿನ ಒಂದು ಕಾಲೇಜಿನಲ್ಲಿ ಸೈಕಾಲಜಿ ಪಾಠ ಮಾಡುತ್ತೇನೆ. ಪ್ರಾಜೆಕ್ಟ್ ಸಮಯ ಬಂದರೆ ಸ್ಟಾಫ್ ರೂಮಿನ ಬಾಗಿಲಲ್ಲಿ ಮಕ್ಕಳ ಸಾಲು. ಅರ್ಧ ಜನರ ಕೈಯಲ್ಲಿ ಸೀನಿಯರ್ ಬರೆದ ಹಳೇ ಪ್ರಬಂಧ ಇರುತ್ತೆ. ಎಲ್ಲರದೂ ಒಂದೇ ಮಾತು: "ಮೇಡಂ, ಇದಕ್ಕೇ ಇನ್ನೊಂದು ವೇರಿಯಬಲ್ ಸೇರಿಸಿ ಮಾಡ್ಲಾ?"

ಕೇಳೋಕೆ ಸುಲಭ. ನಾನೂ ಎಷ್ಟೋ ವರ್ಷ "ಮಾಡಮ್ಮ" ಅಂತ ಸಹಿ ಹಾಕಿ ಕಳಿಸಿದ್ದೇನೆ. ಹೋದ ವರ್ಷ ಶಿರಾ ಕಡೆಯ ಒಬ್ಬ ಹುಡುಗಿಯ ಪ್ರಾಜೆಕ್ಟಿನಲ್ಲಿ ಆ ಸಹಿಯ ಬೆಲೆ ಗೊತ್ತಾಯಿತು.

ಅವಳು ತಂದಿದ್ದ ಹಳೇ ಪ್ರಬಂಧದ ಮೂಲ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಪ್ರಯೋಗ. 45 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ತುಣುಕು ಚಿತ್ರಗಳನ್ನು ತೋರಿಸಿ, ಕಾರುಗಳು ಎಷ್ಟು ವೇಗದಲ್ಲಿದ್ದವು ಅಂತ ಕೇಳಿದರು. ಪ್ರಶ್ನೆಯಲ್ಲಿ ಒಂದು ಕ್ರಿಯಾಪದ ಮಾತ್ರ ಬೇರೆ ಬೇರೆ. ಜೋರಾದ ಪದ ಓದಿದವರು ಗಂಟೆಗೆ ಸರಾಸರಿ 40 ಮೈಲಿಗಿಂತ ಜಾಸ್ತಿ ಹೇಳಿದರು. ಮೆತ್ತನೆಯ ಪದ ಓದಿದವರು ಸುಮಾರು 32 ಅಂದರು. ನಮ್ಮ ಲೆಕ್ಕದಲ್ಲಿ 65 ಕಿಲೋಮೀಟರ್ ಎಲ್ಲಿ, 51 ಎಲ್ಲಿ! ನೋಡಿದ್ದು ಅದೇ ಚಿತ್ರಗಳನ್ನ.

ನಮ್ಮ ಸೀನಿಯರ್ ಅದನ್ನೇ ಕನ್ನಡದಲ್ಲಿ ಮಾಡಿದ್ದ. ಲಾರಿಯೊಂದು ಕಾರಿಗೆ ಹೊಡೆಯುವ, ಯಾರಿಗೂ ಏಟಾಗದ ಒಂದು ಪುಟ್ಟ ವಿಡಿಯೋ. ಅರ್ಧ ಜನಕ್ಕೆ "ಲಾರಿ ಕಾರಿಗೆ ಗುದ್ದಿದಾಗ ಎಷ್ಟು ಸ್ಪೀಡಲ್ಲಿತ್ತು?", ಇನ್ನರ್ಧಕ್ಕೆ "ತಾಗಿದಾಗ". ಪದಗಳನ್ನು ಚೆನ್ನಾಗಿ ಆರಿಸಿದ್ದ ಅನ್ನಬೇಕು. "ಡಿಕ್ಕಿ ಹೊಡೆದಾಗ" ಅಂದರೆ ಪೇಪರ್ ಓದಿದ ಹಾಗಿರುತ್ತೆ, "ಅಪ್ಪಳಿಸಿದಾಗ" ಅಂದರೆ ಸಮುದ್ರ ನೆನಪಾಗುತ್ತೆ. ಬಿ.ಎಚ್. ರಸ್ತೆಯಲ್ಲಿ ನಿಂತವರು ಹೇಳೋದು ಗುದ್ದಿದ, ತಾಗಿಸಿದ ಅಂತಲೇ.

ವೇರಿಯಬಲ್‌ಗೆ ಕನ್ನಡದಲ್ಲಿ ಚರ ಅಂತಾರೆ. ಪದ ಇಲ್ಲಿ ಸ್ವತಂತ್ರ ಚರ, ಅಂದರೆ ನಾವು ಬೇಕಂತಲೇ ಬದಲಾಯಿಸುವ ಸಂಗತಿ. ಸ್ಪೀಡು ಅವಲಂಬಿತ ಚರ, ಅಂದರೆ ಅದರಿಂದ ಏನಾಯ್ತು ಅಂತ ನಾವು ಅಳೆಯುವ ಸಂಗತಿ. ಈಗ ಎರಡನೇ ಸ್ವತಂತ್ರ ಚರ ಯಾವುದು?

"ಗಂಡು-ಹೆಣ್ಣು ಹಾಕೋಣ ಮೇಡಂ."

ಎಲ್ಲರೂ ಮೊದಲು ಹೇಳೋದು ಇದನ್ನೇ. ಯಾಕೆಂದರೆ ಫಾರ್ಮಿನ ಮೇಲ್ಗಡೆ ಆ ಕಾಲಂ ಹೇಗೂ ಇರುತ್ತೆ, ಸುಮ್ನೆ ಸಿಗುತ್ತೆ. ಹಿಂದೊಂದು ಬ್ಯಾಚಿಗೆ ನಾನೇ ಹೂಂ ಅಂದಿದ್ದೆ. 60 ಜನರಲ್ಲಿ 50 ಹುಡುಗಿಯರು, 10 ಹುಡುಗರು ಸಿಕ್ಕರು. ಎರಡು ಫಾರ್ಮಿಗೆ ಹಂಚಿದಾಗ ಒಂದೊಂದಕ್ಕೆ ಐದೈದು ಹುಡುಗರು. ಐದು ಜನರ ಸರಾಸರಿ ಇಟ್ಟುಕೊಂಡು ಗಂಡಸರು ಹೀಗೆ, ಹೆಂಗಸರು ಹಾಗೆ ಅಂತ ಎರಡು ಪುಟ ಬರೆದರು. ಅದೂ ಹೋಗಲಿ. "ಗುದ್ದು ಅನ್ನೋ ಪದ ಹುಡುಗರ ಕಿವಿಗೆ ಬೇರೆ ಥರ ಯಾಕೆ ಕೇಳಬೇಕು?" ಅಂತ ವೈವಾದಲ್ಲಿ, ಅಂದರೆ ಬಾಯಿಮಾತಿನ ಪರೀಕ್ಷೆಯಲ್ಲಿ, ಕೇಳಿದರೆ ಉತ್ತರ ಇರಲಿಲ್ಲ. ಇನ್ನೊಂದು ತೊಡಕೂ ಇದೆ. ಯಾರಿಗೆ ಯಾವ ಪದ ಅಂತ ಚೀಟಿ ಎತ್ತಬಹುದು. ಯಾರು ಗಂಡು, ಯಾರು ಹೆಣ್ಣು ಅಂತ ಚೀಟಿ ಎತ್ತೋಕಾಗಲ್ಲ. ಹಾಗಾಗಿ ಅದರಲ್ಲಿ ವ್ಯತ್ಯಾಸ ಕಂಡರೂ "ಇದರಿಂದಲೇ ಹೀಗಾಯ್ತು" ಅನ್ನುವ ಹಕ್ಕು ನಮಗಿಲ್ಲ.

"ಬೇರೆ ಯೋಚನೆ ಮಾಡು. ಈ ಪದದ ಆಟ ಯಾವಾಗ ನಡೆಯಲ್ಲ ಹೇಳು" ಅಂದೆ.

ಅವಳು ಎರಡು ದಿನ ಬಿಟ್ಟು ಬಂದಳು. "ಮೇಡಂ, ನಮ್ಮೂರ ಗೇಟಲ್ಲಿ ಲಾರಿ ಗುದ್ದಿದ್ರೆ ಡ್ರೈವರ್ ಇಳಿದು ಬಂದು 'ಏನೋ ಸ್ವಲ್ಪ ತಾಗ್ತು ಅಣ್ಣ' ಅಂತಾನೆ. ಅವನ ಮಾತು ಯಾರು ಕೇಳ್ತಾರೆ? ಅದೇ ಮಾತನ್ನ ಹೂವು ಮಾರೋ ಅಜ್ಜಿ ಹೇಳಿದ್ರೆ ಎಲ್ಲರೂ ಹೌದು ಅಂತಾರೆ."

ನನಗೆ ಖುಷಿಯಾಗಿ ಹೋಯ್ತು. ಎರಡನೇ ಚರ ಅಂದರೆ ಇದು. ಮೊದಲನೇ ಚರದ ಪಕ್ಕದಲ್ಲಿ ಸುಮ್ನೆ ಕೂರೋದಲ್ಲ, ಅದರ ಕಾಲೆಳೆಯೋದು. ಪ್ರಶ್ನೆ ಕೇಳುವವರಿಗೆ ಲಾಭ ಇದ್ದರೆ ಪದದ ಪ್ರಭಾವ ಕಡಿಮೆಯಾಗುತ್ತಾ? ಒಂದು ಫಾರ್ಮಿನಲ್ಲಿ ಕೇಳುವವರು ದಾರಿಹೋಕರು, ಇನ್ನೊಂದರಲ್ಲಿ ಲಾರಿಯವನ ವಕೀಲರು. ಎರಡು ಪದ, ಇಬ್ಬರು ಕೇಳುವವರು, ಒಟ್ಟು ನಾಲ್ಕು ಮನೆ. ಚೌಕಾಬಾರದ ಮನೆಗಳ ಹಾಗೆ ಬೋರ್ಡಿನ ಮೇಲೆ ಬರೆದೆವು.

ಇಂಥ ಜೋಡಿ ಪರಿಣಾಮಕ್ಕೆ ಇಂಟರಾಕ್ಷನ್ ಅಂತಾರೆ. ಇಂಗ್ಲಿಷ್ ಪುಸ್ತಕದಿಂದ ಹೇಳಿಕೊಟ್ಟರೆ ಮಕ್ಕಳು ತಲೆಯಾಡಿಸುತ್ತಾರೆ ಅಷ್ಟೇ, ಒಳಗೆ ಹೋಗಲ್ಲ. ನಾನು ರಾಗಿ ಹೊಲಕ್ಕೆ ಹೋಗುತ್ತೇನೆ. "ಹದವಾಗಿ ಮಳೆ ಬಿದ್ದಿರೋ ಹೊಲಕ್ಕೆ ಯೂರಿಯಾ ಹಾಕಿದರೆ?" "ಪೈರು ಏಳುತ್ತೆ ಮೇಡಂ." "ಒಣಗಿರೋ ಹೊಲಕ್ಕೆ?" "ಸುಟ್ಟು ಹೋಗುತ್ತೆ." ಹಾಗಾದರೆ ಯೂರಿಯಾ ಒಳ್ಳೇದಾ ಕೆಟ್ಟದ್ದಾ? ಮಳೆ ಕೇಳದೆ ಹೇಳೋಕಾಗಲ್ಲ. ಅಷ್ಟೇ ಇಂಟರಾಕ್ಷನ್. ಈ ವಿದ್ಯೆ ಬೆಳೆದದ್ದೂ ಹೊಲದಲ್ಲೇ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ರೊನಾಲ್ಡ್ ಫಿಶರ್, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡುವುದಕ್ಕಿಂತ ಒಟ್ಟೊಟ್ಟಿಗೆ ಬದಲಾಯಿಸಿ ನೋಡಬೇಕು ಅಂತ 1920ರ ದಶಕದಲ್ಲೇ ವಾದಿಸಿದ.

ಹುಡುಗಿ ತನ್ನ ಪೀಠಿಕೆಯಲ್ಲಿ "ಇದುವರೆಗೂ ಯಾರೂ ಇದನ್ನು ಅಧ್ಯಯನ ಮಾಡಿಲ್ಲ" ಅಂತ ಬರೆದುಕೊಂಡು ಬಂದಳು. ಯಾರೂ ಮಾಡಿಲ್ಲ ಅನ್ನೋದು ಮಾಡೋಕೆ ಕಾರಣ ಅಲ್ಲ ಅಂದೆ. ಹುಡುಕಿದರೆ ಮಾಡಿಯೂ ಇದ್ದರು. 1980ರಲ್ಲಿ ಡಾಡ್ ಮತ್ತು ಬ್ರಾಡ್‌ಶಾ ಅನ್ನುವವರು, ಹೇಳಿದವರಿಗೆ ಸ್ವಾರ್ಥ ಇದೆ ಅಂತ ಗೊತ್ತಾದರೆ ದಾರಿ ತಪ್ಪಿಸುವ ಮಾತಿನ ಪ್ರಭಾವ ಕುಗ್ಗುತ್ತೆ ಅಂತ ತೋರಿಸಿದ್ದರು. ಹುಡುಗಿಯ ಮುಖ ಸಪ್ಪಗಾಯ್ತು. "ನನ್ನ ಐಡಿಯಾ ಹೋಯ್ತಲ್ಲ ಮೇಡಂ." ಹೋಗಲಿಲ್ಲ ಕಣೇ, ಕಾಲೂರೋಕೆ ನೆಲ ಸಿಕ್ತು ಅಂದೆ. ಪೀಠಿಕೆ ಪೂರ್ತಿ ಬದಲಾಯಿತು. ಸೀನಿಯರ್ ಬರೆದದ್ದರ ಬಾಲಕ್ಕೆ ನಾಲ್ಕು ಪ್ಯಾರಾ ಅಂಟಿಸಿದ್ದನ್ನು ಕಿತ್ತು, ಪದದಿಂದ ಶುರುಮಾಡಿ, ಪದ ಯಾರ ಬಾಯಿಂದ ಬಂತು ಅನ್ನೋ ಪ್ರಶ್ನೆಗೆ ತಾನಾಗೇ ಬರುವ ಹಾಗೆ ಬರೆದಳು.

ಆಮೇಲೆ ತಲೆ ಎಣಿಸುವ ಕೆಲಸ. ಸೀನಿಯರ್‌ಗೆ 40 ಜನ ಸಾಕಾಗಿತ್ತು, ಒಂದೊಂದು ಕಡೆ 20. ಮನೆ ಎರಡರಿಂದ ನಾಲ್ಕಾಯಿತು, ಹಾಗಾದರೆ 80 ಜನ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ತಪ್ಪು ಲೆಕ್ಕ. ಇಂಟರಾಕ್ಷನ್ ಅಂದರೆ ಎರಡು ವ್ಯತ್ಯಾಸಗಳ ನಡುವಿನ ವ್ಯತ್ಯಾಸ. ಅದರಲ್ಲಿ ನಾಲ್ಕೂ ಸರಾಸರಿಗಳ ಅಲುಗಾಟ ಸೇರುತ್ತೆ. ವಕೀಲರು ಕೇಳಿದಾಗ ಪದದ ಪ್ರಭಾವ ಪೂರ್ತಿ ಮಾಯವಾಗುತ್ತೆ ಅಂತಿಟ್ಟುಕೊಂಡರೂ, ಅಷ್ಟೇ ಭರವಸೆಯಿಂದ ಅದನ್ನು ಹಿಡಿಯೋಕೆ ಒಂದು ಮನೆಗೆ 40 ಜನ ಬೇಕು, ಒಟ್ಟು 160. ಮಾಯವಾಗದೆ ಬರೀ ಅರ್ಧಕ್ಕಿಳಿಯುತ್ತೆ ಅಂದರೆ ಮನೆಗೆ 160, ಒಟ್ಟು 640. ಎರಡನೇ ಚರ ಅಂತ ಬಂದವರಿಗೆ ಈಗ ಮೊದಲು ಈ ಲೆಕ್ಕ ಬರೆದು ತೋರಿಸುತ್ತೇನೆ. ಅರ್ಧ ಸಾಲು ಅಲ್ಲೇ ಕರಗುತ್ತೆ.

ನಾವು 160ಕ್ಕೆ ಗುರಿ ಇಟ್ಟೆವು. ಮೊದಲು ಹತ್ತು ಜನರ ಮೇಲೆ ಪರೀಕ್ಷೆ. ಕೊನೆಯಲ್ಲಿ ಒಂದು ಪ್ರಶ್ನೆ ಇಟ್ಟಿದ್ದೆವು: "ಈ ಫಾರ್ಮಿನ ಪ್ರಕಾರ ಸ್ಪೀಡಿನ ಪ್ರಶ್ನೆ ಕೇಳಿದವರು ಯಾರು?" ಒಬ್ಬ "ಗೊತ್ತಿಲ್ಲ" ಅಂದ. ಮೂವರು ಖಾಲಿ ಬಿಟ್ಟರು. ಒಬ್ಬಳು ನೀಟಾಗಿ ಬರೆದಿದ್ದಳು: "ನೀವೇ ಅಲ್ವಾ ಮೇಡಂ." ನಮ್ಮ ವಕೀಲರು ಕಾಗದದ ಮೇಲಿದ್ದರು, ಯಾರ ತಲೆಯಲ್ಲೂ ಇರಲಿಲ್ಲ. ಸೂಚನೆಯ ಮೂರನೇ ಸಾಲಿನಲ್ಲಿ ಅಡಗಿದ್ದ ಅವರನ್ನು ಪ್ರಶ್ನೆಯ ಒಳಕ್ಕೇ ತಂದೆವು: "ಲಾರಿಯವನ ಪರ ವಕೀಲರು ನಿಮ್ಮನ್ನು ಕೇಳುತ್ತಿದ್ದಾರೆ..."

ಮುಂದಿನ ಎಡವಟ್ಟು ಪೂರ್ತಿ ನನ್ನದೇ. ಜೆರಾಕ್ಸ್ ಅಂಗಡಿಯಿಂದ ಫಾರ್ಮುಗಳು ಎರಡು ಕಟ್ಟಾಗಿ ಬಂದವು. ದಾರಿಹೋಕರ ಕಟ್ಟನ್ನು ಬೆಳಗ್ಗೆ ಒಂದು ಸೆಕ್ಷನ್‌ಗೆ ಹಂಚಿದೆ. ವಕೀಲರ ಕಟ್ಟನ್ನು ಊಟ ಆದಮೇಲೆ ಬಿ.ಕಾಂ. ಮಕ್ಕಳಿಗೆ. ಸಂಜೆ ಫಾರ್ಮು ಎಣಿಸುವಾಗ ತಲೆಗೆ ಹೊಳೆಯಿತು. ಈಗ ವ್ಯತ್ಯಾಸ ಬಂದರೆ ಅದು ವಕೀಲರಿಂದ ಬಂತಾ, ಬಿ.ಕಾಂ.ನಿಂದ ಬಂತಾ, ಇಲ್ಲಾ ಊಟದ ನಿದ್ದೆಯಿಂದ ಬಂತಾ? ಆ ದಿನದ ಫಾರ್ಮುಗಳೆಲ್ಲ ರಫ್ ಪೇಪರ್ ಆದವು. ಅವಳು ಒಂದು ಮಾತೂ ಆಡಲಿಲ್ಲ, ಅದೇ ನನಗೆ ಜಾಸ್ತಿ ಚುಚ್ಚಿತು. ಮಾರನೇ ದಿನ ನಾಲ್ಕೂ ಬಗೆಯ ಫಾರ್ಮುಗಳನ್ನು ಸ್ಟಾಫ್ ರೂಮಿನ ಟೇಬಲ್ ಮೇಲೆ ಸುರಿದು, ಇಸ್ಪೀಟ್ ಎಲೆ ಥರ ಕಲಸಿ ಒಂದೇ ಕಟ್ಟು ಮಾಡಿದೆವು. ಯಾವ ಕ್ಲಾಸಿಗೆ ಹೋದರೂ ನಾಲ್ಕು ಬಗೆಯೂ ಕಲೆತು ಹೋಗಲಿ ಅಂತ. ಗುರುತಿಗೆ ಮೂಲೆಯಲ್ಲಿ ಒಂದರಿಂದ ನಾಲ್ಕು ಚುಕ್ಕಿ.

ಅಪಘಾತದ ವಿಡಿಯೋ ಅಂತ ಮೊದಲೇ ಹೇಳಿ, ಬೇಡ ಅನ್ನಿಸಿದವರು ಎದ್ದು ಹೋಗಬಹುದು ಅಂದಿದ್ದೆವು. ಹೈವೇ ಪಕ್ಕದ ಜಿಲ್ಲೆ ನಮ್ಮದು. ಕೆಲವರು ಎದ್ದು ಹೋದರು. ಯಾಕೆ ಅಂತ ಯಾರನ್ನೂ ಕೇಳಲಿಲ್ಲ.

ಪರೀಕ್ಷೆ ಹತ್ತಿರ ಬಂದಿತ್ತು. ಕೊನೆಗೆ ಸಿಕ್ಕಿದ್ದು 112 ಜನ, ಮನೆಗೆ 28. ದಾರಿಹೋಕರ ಫಾರ್ಮಿನಲ್ಲಿ "ಗುದ್ದಿದಾಗ" ಓದಿದವರು ಜಾಸ್ತಿ ಸ್ಪೀಡು ಬರೆದಿದ್ದರು. ವಕೀಲರ ಫಾರ್ಮಿನಲ್ಲಿ ಅಂತರ ಕಡಿಮೆ. ಹುಡುಗಿ ಕುಣಿಯುವುದೊಂದು ಬಾಕಿ. "ಒಂದು ಕಡೆ ಸಿಗ್ನಿಫಿಕೆಂಟ್, ಇನ್ನೊಂದು ಕಡೆ ಅಲ್ಲ. ಆದ್ದರಿಂದ ಕೇಳುವವರು ಯಾರು ಅನ್ನೋದು ಮುಖ್ಯ" ಅಂತ ಬರೆದೇಬಿಟ್ಟಳು. ಅದನ್ನು ಹೊಡೆದುಹಾಕಿದೆ. ಸಿಗ್ನಿಫಿಕೆಂಟ್ ಅಂದರೆ ಬರೀ ಆಕಸ್ಮಿಕ ಅನ್ನೋಕೆ ಕಷ್ಟ ಅನ್ನುವ ಗೆರೆ ದಾಟಿದ್ದು. ಆ ಗೆರೆಯನ್ನು ಒಂದು ದಾಟಿದೆ, ಇನ್ನೊಂದು ದಾಟಿಲ್ಲ ಅಂದ ಮಾತ್ರಕ್ಕೆ ಅವೆರಡರ ನಡುವೆ ಗಟ್ಟಿ ವ್ಯತ್ಯಾಸ ಇದೆ ಅಂತ ಆಗಲ್ಲ. ಅದನ್ನು ಹೇಳಬೇಕಾದ್ದು ಇಂಟರಾಕ್ಷನ್‌ನ ಪರೀಕ್ಷೆ, ಅದರ ಪಿ ವ್ಯಾಲ್ಯೂ, ಅಂದರೆ ಅಸಲಿಗೆ ಏನೂ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ಜಾಸ್ತಿ ಅಂತರ ಆಕಸ್ಮಿಕವಾಗಿ ಬರುವ ಸಾಧ್ಯತೆ, ರೂಢಿಯ ಗೆರೆಯಾದ 0.05ಕ್ಕಿಂತ ಮೇಲಿತ್ತು. ಇದ್ದದ್ದು ಇದ್ದಂಗೆ ಬರೆದಳು.

ಬರೆಯುವಾಗ ಇಂಟರಾಕ್ಷನ್ ಅನ್ನೇ ಮೊದಲು ಹೇಳು ಅಂತ ಹಟ ಹಿಡಿದೆ. ಅದಕ್ಕೆ ನಾನು ಕೊಡುವ ಉದಾಹರಣೆ ಗಾಡನ್ ಮತ್ತು ಬ್ಯಾಡ್ಲೆ 1975ರಲ್ಲಿ ಪ್ರಕಟಿಸಿದ ಮುಳುಗುಗಾರರ ಪ್ರಯೋಗ. ದಡದಲ್ಲಿ ಕಲಿತ ಪದಗಳು ದಡದಲ್ಲಿ ಸರಾಸರಿ 13.5, ನೀರೊಳಗೆ 8.6 ನೆನಪಾದವು. ನೀರೊಳಗೆ ಕಲಿತದ್ದು ನೀರೊಳಗೆ 11.4, ದಡದಲ್ಲಿ 8.4. ಬರೀ "ಎಲ್ಲಿ ನೆನಪಿಸಿಕೊಂಡರು" ಅಂತ ಸರಾಸರಿ ತೆಗೆದರೆ 11ಕ್ಕೂ 10ಕ್ಕೂ ಇರುವಷ್ಟೇ ಅಂತರ, ಕಥೆಯೇ ಕಾಣಲ್ಲ. ನಾಲ್ಕು ಮನೆ ಒಟ್ಟಿಗೆ ಇಟ್ಟರೆ ಕಾಣುತ್ತೆ.

ನಾಲ್ಕು ಮನೆ ಒಟ್ಟಿಗೆ ನೋಡಿ ಅಂತ ಎಲ್ಲರಿಗೂ ಹೇಳುವ ನಾನೇ ನೋಡಿರಲಿಲ್ಲ ಅಂತ ವೈವಾ ದಿನ ಗೊತ್ತಾಯಿತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಫಾರ್ಮುಗಳನ್ನು ಒಂದೊಂದಾಗಿ ಓದಿದರು. ನಾಲ್ಕು ಚುಕ್ಕಿಯದಕ್ಕೆ ಬಂದಾಗ ಕನ್ನಡಕ ತೆಗೆದರು.

"ಲಾರಿಯವನ ಪರ ವಕೀಲ, ತನ್ನ ಕಕ್ಷಿದಾರನ ವಿರುದ್ಧವಾಗಿ 'ಗುದ್ದಿದಾಗ' ಅಂತ ಯಾಕಮ್ಮ ಕೇಳ್ತಾನೆ?"

ಹುಡುಗಿ ನನ್ನ ಮುಖ ನೋಡಿದಳು. ನಾನು ಫ್ಯಾನ್ ನೋಡಿದೆ. ಲಾರಿ ಡ್ರೈವರ್ ಹೇಳೋದು "ತಾಗ್ತು" ಅಂತ. ಅವಳು ಮೊದಲ ದಿನ ಹೇಳಿದ್ದೂ ಅದನ್ನೇ. ಅವನ ವಕೀಲನ ಬಾಯಲ್ಲಿ "ಗುದ್ದಿದಾಗ" ಬಂದರೆ ಅದು ಸ್ವಾರ್ಥದ ಮಾತಲ್ಲ, ತಪ್ಪೊಪ್ಪಿಗೆ. ಜನ ಅದನ್ನು ಕಡಿಮೆ ನಂಬುವ ಬದಲು ಜಾಸ್ತಿ ನಂಬಬಹುದು. ನಮ್ಮ ನಾಲ್ಕನೇ ಮನೆಯಲ್ಲಿ ಲೋಕದಲ್ಲಿ ನಡೆಯದ ಒಂದು ಸಂಗತಿ ಕೂತಿತ್ತು. ಎರಡು ಪದ, ಇಬ್ಬರು ಜನ ಅಂತ ಗುಣಿಸಿದ್ದೆವು ಹೊರತು, ಗುಣಿಸಿ ಬಂದ ನಾಲ್ಕು ವಾಕ್ಯಗಳನ್ನು ಬಾಯಿಬಿಟ್ಟು ಓದಿರಲಿಲ್ಲ.

ಅಸಲಿಗೆ ಒಬ್ಬ ಬಿ.ಕಾಂ. ಹುಡುಗ ಮೊದಲೇ ಹೇಳಿದ್ದ. ರಫ್ ಪೇಪರ್ ಮಾಡಿದ ಕಟ್ಟಿನಲ್ಲಿ, ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿತ್ತು: "ಅವರ ವಕೀಲರೇ ಗುದ್ದಿದ್ದು ಅಂತ ಒಪ್ಕೊಂಡ್ಮೇಲೆ ಇನ್ನೇನು?" ಓದಿ ಇಬ್ಬರೂ ನಕ್ಕಿದ್ದೆವು. ಕಿಲಾಡಿ ಅಂದುಕೊಂಡು ಪಕ್ಕಕ್ಕಿಟ್ಟಿದ್ದೆವು.

ಹುಡುಗಿಗೆ ಒಳ್ಳೆ ಅಂಕವೇ ಬಂತು. ಪರೀಕ್ಷಕರ ಪ್ರಶ್ನೆಯನ್ನು "ಮಿತಿಗಳು" ಅನ್ನುವ ಭಾಗದಲ್ಲಿ ತಾನೇ ಸೇರಿಸಿದಳು. ಈಗ ಶಿರಾದಲ್ಲಿ ಬಿ.ಎಡ್. ಮಾಡುತ್ತಿದ್ದಾಳೆ. ಬಿಡುವಿದ್ದಾಗ ಫೋನು ಮಾಡಿ, ಹೊಸ ಫಾರ್ಮಿನ ಮಾತಾಡುತ್ತಾಳೆ. ವಕೀಲರನ್ನು ತೆಗೆದುಹಾಕಿದ್ದೇವೆ. ಈಗ ಕೇಳುವವರು ಸ್ಥಳದಲ್ಲೇ ಇದ್ದು ಕಣ್ಣಾರೆ ಕಂಡ ಹೂವಿನ ಅಜ್ಜಿ, ಇಲ್ಲಾ ಏನೂ ನೋಡಿಲ್ಲದ ಒಬ್ಬ ಗುಮಾಸ್ತ. ಇಬ್ಬರ ಬಾಯಲ್ಲೂ ಎರಡೂ ಪದ ಸಲೀಸಾಗಿ ಕೂರುತ್ತವೆ. ಫೋನಿನಲ್ಲಿ ನಾಲ್ಕನ್ನೂ ಅವಳು ಓದಿದಳು, ನಾನು ಕೇಳಿಸಿಕೊಂಡೆ. ಹಳೇ 112ಕ್ಕೆ ಇದನ್ನು ಸೇರಿಸಲ್ಲ, ಒಂದರಿಂದ ಎಣಿಸುತ್ತೇವೆ. 160 ಆಗುವವರೆಗೆ ಲೆಕ್ಕ ಹಾಕಿ ನೋಡೋದೂ ಇಲ್ಲ. ನೋಡ್ತಾ ನೋಡ್ತಾ ಜನ ಸೇರಿಸುತ್ತಾ ಹೋದರೆ ಯಾವತ್ತೋ ಒಂದು ದಿನ 0.05ರ ಕೆಳಗೆ ಬೀಳುವ ಸಾಧ್ಯತೆ ಬೆಳೆಯುತ್ತಲೇ ಹೋಗುತ್ತೆ.

ಹೋದ ವಾರ ಕಲಸಿದ ಕಟ್ಟೊಂದನ್ನು ಶಿರಾ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸಿದೆ. ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದೆ: "ಮೇಲಿಂದ ಒಂದೊಂದೇ ಕೊಡು. ಆರಿಸಬೇಡ."