ಪಾಕೆಟ್ ಬಿಗಿ ಮಾಡಿಸಬೇಕೇ? ಮೊದಲು ಕುಶನ್ ಕಡೆ ನೋಡಿ

ಮನೆಗೆ ಪೂಲ್ ಟೇಬಲ್ ತಂದವರು, ಪಾರ್ಲರ್ ನಡೆಸುವವರು, ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್ ನೋಡಿಕೊಳ್ಳುವವರು ಎಲ್ಲರೂ ಸುತ್ತಿ ಬಳಸಿ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: “ಪಾಕೆಟ್ ಸ್ವಲ್ಪ ಬಿಗಿ ಮಾಡಿಸಿಬಿಡೋಣವೇ ಸರ್? ಆಟ ಸುಧಾರಿಸುತ್ತದಲ್ಲವೇ?” ಟೇಬಲ್ ಬಿಚ್ಚಿ ಕಟ್ಟುವ ಕೆಲಸದಲ್ಲಿ ಕೈಯಾಡಿಸುವವನು ಎಂಬ ಕಾರಣಕ್ಕೆ ನನ್ನನ್ನು ಕೇಳುತ್ತಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿದೆ, ಹಾಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ಬಿಗಿ ಮಾಡುವುದೆಂದರೆ ಚೆಂಡು ಬೀಳುವ ಕುಳಿಯ ಬಾಯಿಯನ್ನು ಕಿರಿದು ಮಾಡುವುದು. ನನ್ನ ಉತ್ತರ: ಮಾಡಿಸಿ, ಆದರೆ ಕಟ್ಟಕಡೆಗೆ. ಪಾಕೆಟ್ಟಿನ ಬಾಯಿ ಎಂದರೆ ಎರಡು ರೈಲ್‌ಗಳು, ಅಂದರೆ ಟೇಬಲ್ಲಿನ ಸುತ್ತಲಿನ ಮರದ ಅಂಚುಗಳು, ಬಂದು ಮುಗಿಯುವ ಜಾಗ, ಅಷ್ಟೇ. ರೈಲಿನ ಒಳಬದಿಗೆ ಅಂಟಿಸಿರುವ, ಚೆಂಡು ಬಡಿದು ಮರಳುವ ರಬ್ಬರೇ ಕುಶನ್. ರೈಲೇ ಸರಿಯಿಲ್ಲದಿರುವಾಗ ಅದರ ತುದಿಯನ್ನು ಮಾತ್ರ ತಿದ್ದಿಸಿದರೆ ದುಡ್ಡು ದಂಡ.

ನಿಮ್ಮ ಪಾಕೆಟ್ ನಿಜಕ್ಕೂ ಅಗಲವಾಗಿದೆಯೇ ಎಂದು ತಿಳಿಯಲು ಟೇಪ್ ಕೂಡ ಬೇಕಿಲ್ಲ. ಪೂಲ್ ಚೆಂಡಿನ ವ್ಯಾಸ ಎರಡೂಕಾಲು ಇಂಚು, ಅಂದರೆ 57.15 ಮಿ.ಮೀ. ಮೂಲೆ ಪಾಕೆಟ್ಟಿನ ಬಾಯಿಯಲ್ಲಿ, ಎರಡು ಕುಶನ್‌ಗಳ ತುದಿಗಳ ನಡುವೆ, ಎರಡು ಚೆಂಡುಗಳನ್ನು ಒಂದಕ್ಕೊಂದು ತಾಗಿಸಿ ಇಡಿ. ಅವು ಹೆಚ್ಚುಕಡಿಮೆ ಸರಿಯಾಗಿ ಕೂತರೆ ಪಾಕೆಟ್ 4.5 ಇಂಚಿನದು. ಸ್ಪರ್ಧೆಯ ಟೇಬಲ್‌ಗಳಿಗೆ ವರ್ಲ್ಡ್ ಪೂಲ್ ಬಿಲಿಯರ್ಡ್ ಅಸೋಸಿಯೇಷನ್ ಬಹುಕಾಲದಿಂದ ಹೇಳುತ್ತ ಬಂದಿರುವ ಅಳತೆಯೂ ಅದೇ: ಮೂಲೆಗೆ 4.5ರಿಂದ 4.625 ಇಂಚು, ನಡು ಪಾಕೆಟ್ಟಿಗೆ 5ರಿಂದ 5.125 ಇಂಚು. ಎರಡು ಚೆಂಡುಗಳನ್ನು ಇಟ್ಟ ಮೇಲೂ ಕಿರುಬೆರಳು ತೂರುವಷ್ಟು ಸಂದು ಉಳಿದರೆ ನಿಮ್ಮದು 5 ಇಂಚಿನ ಆಸುಪಾಸು. ಬಿಗಿ ಮಾಡಿಸಬೇಕು ಎನ್ನುವವರಲ್ಲಿ ಕೆಲವರ ಟೇಬಲ್ ಆಗಲೇ 4.5 ಇಂಚಿನದಾಗಿರುತ್ತದೆ. ಅವರಿಗೆ ಬೇಕಾದದ್ದು ಬೇರೆ ಏನೋ.

ಆ ಬೇರೆ ಏನೋ ಎಂಬುದು ಸಾಮಾನ್ಯವಾಗಿ ರೈಲ್‌ನಲ್ಲಿ ಸಿಗುತ್ತದೆ. ಕೇರಂ ಬೋರ್ಡ್ ಕೊಳ್ಳಲು ಹೋದಾಗ ನಮ್ಮವರು ಏನು ಮಾಡುತ್ತಾರೆ? ಸ್ಟ್ರೈಕರ್ ಇಟ್ಟು ಎದುರಿನ ಚೌಕಟ್ಟಿಗೆ ಬಾರಿಸಿ, ಎಷ್ಟು ಸಲ ಹೋಗಿ ಬರುತ್ತದೆ ಎಂದು ನೋಡುತ್ತಾರೆ. ಕುಳಿಯ ಅಗಲವನ್ನು ಅಳೆಯುವವರನ್ನು ನಾನು ಕಂಡಿಲ್ಲ. ಅದೇ ಜನ ಪೂಲ್ ಟೇಬಲ್ ಮುಂದೆ ನಿಂತರೆ ಕುಶನ್ ಮರೆತು ಪಾಕೆಟ್ ಹಿಡಿದುಕೊಳ್ಳುತ್ತಾರೆ. ಪೂಲ್ ಟೇಬಲ್‌ಗೂ ಅಂಥದೇ ಪರೀಕ್ಷೆ ಇದೆ. ತಲೆಯ ಕಡೆಯ, ಅಂದರೆ ಆಟ ಶುರು ಮಾಡುವ ಕಡೆಯ, ಚುಕ್ಕೆಯ ಮೇಲೆ ಚೆಂಡಿಟ್ಟು, ಕ್ಯೂ ಕೋಲನ್ನು ಮಟ್ಟವಾಗಿ ಹಿಡಿದು, ಎದುರಿನ ಚುಕ್ಕೆಯ ಮೇಲೆ ಹಾಯುವಂತೆ ಗಟ್ಟಿಯಾಗಿ ಹೊಡೆದರೆ ಚೆಂಡು ಮೇಲೆ ಹಾರದೆ ಟೇಬಲ್ಲಿನ ಉದ್ದವನ್ನು ನಾಲ್ಕರಿಂದ ನಾಲ್ಕೂವರೆ ಸಲ ಕ್ರಮಿಸಬೇಕು. ಮೂರು ಸಲಕ್ಕೇ ಸುಸ್ತಾದರೆ ಪಾಕೆಟ್ಟಿನ ಮಾತು ಆಮೇಲೆ.

ಈಗ ಮುಷ್ಟಿ ಕಟ್ಟಿ ರೈಲಿನ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಮೆತ್ತಗೆ ಗುದ್ದುತ್ತ ಹೋಗಿ. ಬಿಗಿಯಾಗಿ ಕೂತ ಕಡೆ ಸದ್ದು ಗಟ್ಟಿಯಾಗಿ, ಚಿಕ್ಕದಾಗಿ ಬರುತ್ತದೆ. ಸಡಿಲವಿರುವ ಕಡೆ ದಬ್ ಎಂದು ಪೊಳ್ಳಾಗಿ ಕೇಳುತ್ತದೆ, ಅಂಗೈಗೆ ಸಣ್ಣ ನಡುಕವೂ ತಾಗುತ್ತದೆ. ಅಲ್ಲಿ ಕೆಳಗೆ ಬಗ್ಗಿ ಕೈ ಹಾಕಿದರೆ ರೈಲನ್ನು ಬಟ್ಟೆಯಡಿಯ ಸ್ಲೇಟ್ ಕಲ್ಲಿಗೆ ಬಿಗಿದಿರುವ ಬೋಲ್ಟ್ ಬೆರಳಲ್ಲೇ ತಿರುಗುವುದುಂಟು. ಚೆಂಡಿನ ವೇಗ ರಬ್ಬರಿಗೆ ಹೋಗಿ ಮರಳಿ ಬರುವ ಬದಲು ಅಲುಗಾಡುವ ಮರದಲ್ಲಿ ಕರಗಿಹೋಗುತ್ತಿರುತ್ತದೆ. ‘ಕುಶನ್ ಸತ್ತಿದೆ, ರಬ್ಬರ್ ಬದಲಿಸಬೇಕು’ ಎಂದು ಷರಾ ಬರೆಸಿಕೊಂಡ ಎಷ್ಟೋ ಟೇಬಲ್‌ಗಳಿಗೆ ಬೇಕಿದ್ದದ್ದು ಒಂದು ಸ್ಪ್ಯಾನರ್ ಮಾತ್ರ. ಬೋಲ್ಟ್‌ಗಳನ್ನು ನಡುವಿನಿಂದ ತುದಿಗಳ ಕಡೆಗೆ, ಸ್ವಲ್ಪ ಸ್ವಲ್ಪವಾಗಿ, ಎಲ್ಲವನ್ನೂ ಸಮನಾಗಿ ಬಿಗಿಯಿರಿ. ಒಂದನ್ನೇ ಹಿಡಿದು ತಿರುಚಿದರೆ ಮರದೊಳಗಿನ ನಟ್ ಕಿತ್ತು ಬರುತ್ತದೆ.

ಬೋಲ್ಟ್ ಬಿಗಿಯಾದ ಮೇಲೂ ಚೆಂಡು ಸರಿಯಾಗಿ ಮರಳದಿದ್ದರೆ ರಬ್ಬರಿನ ಕಡೆ ನೋಡಬೇಕು. ಬಟ್ಟೆಯ ಮೇಲಿಂದಲೇ ಹೆಬ್ಬೆರಳಿನಿಂದ ಕುಶನ್ನಿನ ಮೂಗನ್ನು, ಅಂದರೆ ಚೆಂಡಿಗೆ ತಾಗುವ ಮುಂಚಾಚಿದ ಅಂಚನ್ನು, ಒತ್ತಿ. ಒತ್ತಿದಷ್ಟು ಒಳಗೆ ಹೋಗಿ ಕೈ ತೆಗೆದ ಕೂಡಲೇ ಎದ್ದು ಬರಬೇಕು. ಮರ ಒತ್ತಿದಂತೆ ಅನ್ನಿಸಿದರೆ ರಬ್ಬರ್ ಮುಗಿದಿದೆ. ಈ ರಬ್ಬರಿಗೆ ಸ್ವಲ್ಪ ಇತಿಹಾಸವೂ ಇದೆ. ಕುಶನ್‌ಗೆ ಬಟ್ಟೆ ತುಂಬುತ್ತಿದ್ದ ಕಾಲದಲ್ಲಿ, 1835ರಲ್ಲಿ, ಲಂಡನ್ನಿನ ಜಾನ್ ಥರ್ಸ್ಟನ್ ರಬ್ಬರ್ ಕುಶನ್ ತಂದರು. ಚಳಿ ಬಿದ್ದರೆ ಅದು ಕಲ್ಲಿನಂತಾಗುತ್ತಿತ್ತು, ಆಟಕ್ಕೆ ಮೊದಲು ಬಿಸಿ ಕೊಡಬೇಕಿತ್ತು. ಗಂಧಕ ಸೇರಿಸಿ ಹದ ಮಾಡಿದ ವಲ್ಕನೀಕೃತ ರಬ್ಬರ್ 1845ರಲ್ಲಿ ಬಂದ ಮೇಲೆ ಆ ಕಾಟ ತಪ್ಪಿತು. ಈಗಿನ ರಬ್ಬರ್ ಚಳಿಗೆ ಹೆದರುವುದಿಲ್ಲ. ಅಗ್ಗದ ಮಾಲಾಗಿದ್ದರೆ ವಯಸ್ಸಿಗೆ ಮಾತ್ರ ಬೇಗ ಹೆದರುತ್ತದೆ.

ರಬ್ಬರ್ ಬದಲಿಸುವಾಗಲೇ ದೊಡ್ಡ ಎಡವಟ್ಟು ನಡೆಯುವುದು. ಪೂಲ್ ಕುಶನ್‌ಗಳಲ್ಲಿ ಹೆಚ್ಚಾಗಿ ಕಾಣುವ ಆಕಾರಗಳು ಎರಡು, ಕೆ-55 ಮತ್ತು ಕೆ-66. ಎರಡೂ ತ್ರಿಕೋನವೇ, ದೂರದಿಂದ ಅವಳಿಗಳಂತೆ ಕಾಣುತ್ತವೆ. ಆದರೆ ಅವುಗಳನ್ನು ಅಂಟಿಸುವ ಮರದ ಇಳಿಜಾರು ಬೇರೆ ಬೇರೆ ಇರಬೇಕು. ಒಂದಕ್ಕಾಗಿ ಕೊರೆದ ಮರಕ್ಕೆ ಇನ್ನೊಂದನ್ನು ಅಂಟಿಸಿದರೆ ಮೂಗಿನ ಎತ್ತರ ತಪ್ಪುತ್ತದೆ. ಅಂಗಡಿಯಲ್ಲಿ ಯಾವುದು ಸಿಕ್ಕಿತೋ ಅದನ್ನೇ ಹಚ್ಚಿ ಹೋಗಿರುವ ಫಿಟ್ಟರ್‌ಗಳ ಕೈಚಳಕವನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಈ ಎತ್ತರದ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಮೂಗು ಬೆಡ್ಡಿನಿಂದ, ಅಂದರೆ ಚೆಂಡು ಉರುಳುವ ಹಾಸಿನಿಂದ, ಚೆಂಡಿನ ವ್ಯಾಸದ ಶೇ. 63.5ರಷ್ಟು ಎತ್ತರದಲ್ಲಿರಬೇಕು, ಅತ್ತಿತ್ತ ಶೇ. 1 ನಡೆಯುತ್ತದೆ. ಲೆಕ್ಕ ಹಾಕಿದರೆ ಸುಮಾರು 36.3 ಮಿ.ಮೀ. ಚೆಂಡಿನ ಸರಿಮಧ್ಯ ಇರುವುದು 28.6 ಮಿ.ಮೀ. ಎತ್ತರದಲ್ಲಿ. ಅಂದರೆ ರಬ್ಬರ್ ಚೆಂಡನ್ನು ಅದರ ಹೊಟ್ಟೆಗಿಂತ 8 ಮಿ.ಮೀ.ನಷ್ಟು ಮೇಲೆ ಮುಟ್ಟುತ್ತದೆ. ಮೂಗು ಇದಕ್ಕಿಂತ ಮೇಲಿದ್ದರೆ ಅದು ಚೆಂಡನ್ನು ಹಿಂದಕ್ಕೆ ತಳ್ಳುವುದರ ಜೊತೆಗೆ ಕೆಳಕ್ಕೂ ಅದುಮುತ್ತದೆ, ಬಟ್ಟೆಗೆ ಉಜ್ಜಿಕೊಂಡು ವೇಗ ಸಾಯುತ್ತದೆ. ಕೆಳಗಿದ್ದರೆ ಜೋರಾಗಿ ಬಂದ ಚೆಂಡು ಮೂಗಿನ ಮೇಲೆ ಹತ್ತಿ ಹಾರುತ್ತದೆ. ಭೌತಶಾಸ್ತ್ರದ ಪುಸ್ತಕ ತೆರೆದರೆ ಉರುಳುವ ಚೆಂಡು ಜಾರದೆ ಹಾಗೇ ಉರುಳಿ ಮರಳಲು ವ್ಯಾಸದ ಹತ್ತರಲ್ಲಿ ಏಳು ಪಾಲು ಎತ್ತರದಲ್ಲಿ ಪೆಟ್ಟು ಬೀಳಬೇಕು ಎಂದಿರುತ್ತದೆ, ಸುಮಾರು 40 ಮಿ.ಮೀ. ಅದನ್ನು ಓದಿಕೊಂಡು ಬಂದು ರೈಲ್ ಎತ್ತರಿಸಿ ಎಂದು ವಾದಿಸಿದ ಎಂಜಿನಿಯರ್ ಒಬ್ಬರಿದ್ದಾರೆ. ಆ ಲೆಕ್ಕದಲ್ಲಿ ಪೆಟ್ಟು ನೆಲಕ್ಕೆ ಸಮಾನಾಂತರವಾಗಿ ಬೀಳುತ್ತದೆ. ನಿಜವಾದ ಕುಶನ್ ಗುಂಡಗಿನ ಚೆಂಡನ್ನು ಮೇಲಿನಿಂದ ಓರೆಯಾಗಿ ಒತ್ತುತ್ತದೆ, ಹಾಗಾಗಿ ಆ 40 ಇಲ್ಲಿ ಹೊಂದುವುದಿಲ್ಲ.

ಅಳೆಯುವುದು ಸುಲಭ. ಸ್ಟೀಲ್ ಸ್ಕೇಲನ್ನು ಬಟ್ಟೆಯ ಮೇಲೆ ನೆಟ್ಟಗೆ ನಿಲ್ಲಿಸಿ ಮೂಗಿಗೆ ತಾಗಿಸಿ, ತಾಗಿದ ಬಿಂದುವನ್ನು ಓದಿಕೊಳ್ಳಿ. ಆರೂ ರೈಲ್‌ಗಳಲ್ಲಿ, ಒಂದೊಂದರಲ್ಲೂ ಎರಡು ತುದಿ ಮತ್ತು ನಡುವೆ ಅಳೆಯಿರಿ. ಎಲ್ಲ ಕಡೆ 36 ಬಂದರೆ ನೀವು ಪುಣ್ಯವಂತರು. ಒಂದು ಕಡೆ 35, ಇನ್ನೊಂದು ಕಡೆ 38 ಇರುವ ಟೇಬಲ್ ಮೇಲೆ ಬ್ಯಾಂಕ್ ಶಾಟ್ (ಚೆಂಡನ್ನು ಕುಶನ್‌ಗೆ ಬಡಿಸಿ ಪಾಕೆಟ್ಟಿಗೆ ಹಾಕುವ ಹೊಡೆತ) ಕಲಿಯುವುದೆಂದರೆ ಆ ಟೇಬಲ್ಲಿನ ಕಾಯಿಲೆಯನ್ನು ಬಾಯಿಪಾಠ ಮಾಡಿದಂತೆ. ತಗ್ಗಿದ್ದ ರೈಲಿನ ಕೆಳಗೆ ತೆಳು ಮರದ ಪದರ ಕೊಟ್ಟು ಎತ್ತಬಹುದು. ಎತ್ತರವಾಗಿದ್ದರೆ ರಬ್ಬರ್ ಕಿತ್ತು ಮರ ಕೊರೆಸಬೇಕು, ಅದು ಬಡಗಿಯ ಕೆಲಸ.

ಬಟ್ಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊಸ ನುಣುಪು ಬಟ್ಟೆ ಹಾಕಿದ ಕೆಲ ದಿನ ಎಲ್ಲ ಚೆಂಡೂ ಜಾರಿ ಪಾಕೆಟ್ಟಿಗೆ ಬೀಳುತ್ತವೆ, ಆಗಲೇ ಪಾಕೆಟ್ ಅಗಲವಾಯಿತು ಎಂದು ದೂರು ಬರುತ್ತದೆ. ಮಳೆಗಾಲದಲ್ಲಿ ತೇವ ಹಿಡಿದ ಬಟ್ಟೆ ಚೆಂಡನ್ನು ಹಿಡಿದುಕೊಳ್ಳುತ್ತದೆ, ಆಗ ಪಾಕೆಟ್ ಕಿರಿದಾಯಿತು ಎಂಬ ದೂರು. ಪಾಕೆಟ್ ಪಾಪ, ಇದ್ದಲ್ಲೇ ಇರುತ್ತದೆ.

ಇಷ್ಟೆಲ್ಲ ಸರಿಯಾದ ಮೇಲೆ ಪಾಕೆಟ್ಟಿಗೆ ಬರೋಣ. ಪಾಕೆಟ್ಟಿನ ಕಷ್ಟ ಸುಖ ಬಾಯಿಯ ಅಗಲ ಒಂದರಿಂದಲೇ ತೀರ್ಮಾನವಾಗುವುದಿಲ್ಲ. ಬಾಯಿಯ ಹಿಂದೆ, ಕುಶನ್‌ಗಳ ಕತ್ತರಿಸಿದ ತುದಿಗಳು ಗೋಡೆಗಳಾಗಿ ನಿಂತ ಗಂಟಲಿದೆ. ಮೂಲೆಯಲ್ಲಿ ಕುಶನ್ನಿನ ತುದಿಯನ್ನು ಮೂಗಿನ ಗೆರೆಗೆ 142 ಡಿಗ್ರಿಯಲ್ಲಿ ಕತ್ತರಿಸುತ್ತಾರೆ, ನಡು ಪಾಕೆಟ್ಟಿನಲ್ಲಿ 104 ಡಿಗ್ರಿಯಲ್ಲಿ. ಮೂಲೆಯಲ್ಲಿ 135 ಡಿಗ್ರಿ ಇದ್ದಿದ್ದರೆ ಎರಡು ಗೋಡೆಗಳೂ ಸಮಾನಾಂತರವಾಗಿರುತ್ತಿದ್ದವು. ಆ ಹೆಚ್ಚುವರಿ 7 ಡಿಗ್ರಿಯಿಂದಾಗಿ ಒಳಗೆ ಹೋದಂತೆ ಗಂಟಲು ಕಿರಿದಾಗುತ್ತದೆ. ಕೋನ ಇನ್ನೂ ಹೆಚ್ಚಿದರೆ ಚೆನ್ನಾಗಿ ಹೊಡೆದ ಚೆಂಡೂ ಎರಡು ಗೋಡೆಗಳ ನಡುವೆ ಟಪಟಪ ಬಡಿದುಕೊಂಡು ಹೊರಗೆ ಉಗುಳಿಸಿಕೊಳ್ಳುತ್ತದೆ. ಬಾಯಿಯಿಂದ ಸ್ಲೇಟ್ ಕಲ್ಲಿನ ಅಂಚಿನವರೆಗೆ ಇರುವ ಜಾಗವನ್ನು ನಾನು ಜಗಲಿ ಎನ್ನುತ್ತೇನೆ. ಮೂಲೆಯಲ್ಲಿ ಅದು 1ರಿಂದ 2.25 ಇಂಚಿನವರೆಗೆ ಇರಬಹುದು. ಜಗಲಿ ಆಳವಾಗಿದ್ದರೆ ಅಗಲ ಬಾಯಿಯ ಪಾಕೆಟ್ ಕೂಡ ಕಠಿಣವಾಗುತ್ತದೆ.

ಅಗ್ಗದಲ್ಲಿ ಬಿಗಿ ಮಾಡುವ ದಾರಿ ಎಂದರೆ ಕುಶನ್ನಿನ ತುದಿಗೆ ಅಂಟಿಸಿರುವ ರಬ್ಬರ್ ಪಟ್ಟಿಯ ಮೇಲೆ ಇನ್ನೊಂದು ಪಟ್ಟಿ, ಅದರ ಮೇಲೆ ಮತ್ತೊಂದು. ನನಗೆ ಸುತರಾಂ ಆಗದ ಕೆಲಸ ಇದು. 5 ಇಂಚಿನ ಬಾಯಿಯನ್ನು 4.5ಕ್ಕೆ ಇಳಿಸಲು ಪ್ರತಿ ರೈಲಿನ ತುದಿ ಸುಮಾರು 9 ಮಿ.ಮೀ. ಉದ್ದವಾಗಬೇಕು. ಓರೆ ಕತ್ತರಿಕೆಯ ಮೇಲೆ ಅಂಟಿಸುವುದರಿಂದ ಪಟ್ಟಿಯ ದಪ್ಪ ಐದೂವರೆ ಮಿ.ಮೀ.ನಷ್ಟು ಹೆಚ್ಚಿದರೆ ಸಾಕು, ನಿಜ. ಆದರೆ ಮೊದಲೇ ಇದ್ದ 3 ಮಿ.ಮೀ. ಪಟ್ಟಿ ಸೇರಿದರೆ ಎಂಟೂವರೆ ಆಯಿತು, ನಿಯಮ ಒಪ್ಪುವ ಗರಿಷ್ಠ ದಪ್ಪ ಕಾಲು ಇಂಚು. ಅದಕ್ಕಿಂತ ಮುಖ್ಯವಾಗಿ, ಈ ಪಟ್ಟಿ ಕುಶನ್ನಿಗಿಂತ ಗಟ್ಟಿ ರಬ್ಬರಿನದಾಗಿರಬೇಕು. ಮೆತ್ತನೆಯ ಪದರಗಳನ್ನು ಪೇರಿಸಿದರೆ ಪಾಕೆಟ್ಟಿನ ಬಾಯಲ್ಲೇ ಎರಡು ಪುಟ್ಟ ಕುಶನ್‌ಗಳನ್ನು ಇಟ್ಟ ಹಾಗಾಯಿತು. ಸ್ವಲ್ಪ ತಾಗಿದರೂ ಚೆಂಡು ಪುಟಿದು ಎದುರು ಗೋಡೆಗೆ ಹೋಗುತ್ತದೆ. ನಿಖರವಾಗಿ ಹೊಡೆದವನೂ ಅಂದಾಜಿನಲ್ಲಿ ಹೊಡೆದವನೂ ಒಟ್ಟಿಗೆ ಸೋಲುತ್ತಾರೆ.

ಸರಿಯಾದ ದಾರಿ ಉದ್ದದ್ದು. ರೈಲ್ ಬಿಚ್ಚಿ, ಬಟ್ಟೆ ಹಿಡಿದಿರುವ ಮರದ ಪಟ್ಟಿ ಕಿತ್ತು, ಹಳೆ ರಬ್ಬರ್ ತೆಗೆದು, ರೈಲಿನ ಮರದ ತುದಿಗೆ ಗಟ್ಟಿ ಮರದ ತುಂಡು ಸೇರಿಸಿ, ಮತ್ತೆ 142 ಡಿಗ್ರಿಯಲ್ಲಿ ಕೊರೆದು, ಕೆಳಕ್ಕೆ ಹೋದಂತೆ ಹಿಂದಕ್ಕೆ ವಾಲುವಂತೆ 12ರಿಂದ 15 ಡಿಗ್ರಿ ಇಳಿಜಾರು ಕೊಟ್ಟು, ಹೊಸ ರಬ್ಬರ್ ಮತ್ತು ಒಂದೇ ಒಂದು ಪಟ್ಟಿ ಅಂಟಿಸಬೇಕು. ಹೀಗೆ ಮಾಡಿದಾಗ ಬಾಯಿ ಮೂಲೆಯ ಕಡೆಗೆ ಸರಿದು ಜಗಲಿ ಕಾಲು ಇಂಚಿನಷ್ಟು ಕಡಿಮೆಯಾಗುತ್ತದೆ. ಅಂದರೆ ಬಾಯಿ ಕಿರಿದಾದರೂ ಒಳಗೆ ಹೊಕ್ಕ ಚೆಂಡು ಮೊದಲಿಗಿಂತ ಬೇಗ ಬೀಳುತ್ತದೆ. ತಪ್ಪಿದ್ದಕ್ಕೆ ಶಿಕ್ಷೆ, ಸರಿಯಾದದ್ದಕ್ಕೆ ಫಲ, ಅಭ್ಯಾಸದ ಟೇಬಲ್ ಕೊಡಬೇಕಾದದ್ದು ಇದನ್ನೇ.

ಬೆಂಗಳೂರಿನವರಿಗೆ ಒಂದು ಎಚ್ಚರಿಕೆ. ಪಂಕಜ್ ಆಡ್ವಾಣಿ ಬೆಳೆದ ಈ ಊರಿನಲ್ಲಿ ಬಿಲಿಯರ್ಡ್ಸ್ ಮತ್ತು ಸ್ನೂಕರ್‌ಗೆ ಗೌರವ ಹೆಚ್ಚು, ಒಳ್ಳೆಯ ಫಿಟ್ಟರ್‌ಗಳ ಕೈ ಪಳಗಿರುವುದೂ ಆ ಟೇಬಲ್‌ಗಳ ಮೇಲೆಯೇ. ಸ್ನೂಕರ್ ಪಾಕೆಟ್ಟಿನ ತುದಿ ದುಂಡಗೆ ತಿರುಗುತ್ತದೆ, ಚೆಂಡು 52.5 ಮಿ.ಮೀ.ನದು. ಪೂಲ್ ಪಾಕೆಟ್ಟಿನ ತುದಿಗೆ ಚೂಪಾದ ಮೂಲೆ ಇರಬೇಕು. ಅಭ್ಯಾಸಬಲದಿಂದ ಯಾರಾದರೂ ಅದನ್ನು ಉಜ್ಜಿ ದುಂಡಗೆ ಮಾಡಲು ಹೊರಟರೆ ಅಲ್ಲೇ ತಡೆಯಿರಿ. ಉಜ್ಜಿದ ರಬ್ಬರ್ ಮತ್ತೆ ಬೆಳೆಯುವುದಿಲ್ಲ.

ಇನ್ನು ಯಾರು ಮಾಡಿಸಬೇಕು? ಸ್ಪರ್ಧೆಗೆ ಹೋಗುವವರು, ಎದುರಿನ ಪಾಕೆಟ್ಟಿಗೆ ನೇರ ಹೊಡೆತವನ್ನು ತಪ್ಪಿಸದೆ ಹಾಕಬಲ್ಲವರು ಖಂಡಿತ 4.5 ಇಂಚಿಗೆ ಇಳಿಸಲಿ. ಅದಕ್ಕಿಂತ ಕೆಳಗೆ ಹೋಗುವುದು ಶೋಕಿ. ಗಂಟೆ ಲೆಕ್ಕದಲ್ಲಿ ನಡೆಸುವ ಪಾರ್ಲರಿನವರು ಒಂದು ಟೇಬಲ್ ಮಾತ್ರ ಬಿಗಿ ಮಾಡಿಸಿ ಒಳಗಿನ ಮೂಲೆಯಲ್ಲಿ ಹಾಕಿಕೊಳ್ಳಲಿ, ಬೇಕಾದವರು ತಾವೇ ಹುಡುಕಿಕೊಂಡು ಹೋಗುತ್ತಾರೆ. ಮನೆಯಲ್ಲಿ ಇರುವುದು ಒಂದೇ ಟೇಬಲ್, ಭಾನುವಾರ ಮಕ್ಕಳೂ ನೆಂಟರೂ ಆಡುವುದು ಅದರ ಮೇಲೆಯೇ ಎಂದಾದರೆ 5 ಇಂಚೇ ಇರಲಿ. ಉಳಿದ ದುಡ್ಡಿನಲ್ಲಿ ಒಳ್ಳೆಯ ರಬ್ಬರ್ ಹಾಕಿಸಿ.